ಎಲೆನೀರಿನ ಎಣಿಕೆ

ಬುಧವಾರ, ಮಾರ್ಚ್ ಹನ್ನೊಂದು
ಮಧ್ಯಾಹ್ನ ಮೂರು ಗಂಟೆ

ನನ್ನ ಪೀಚುಗೆ,

ಈ ಕಾಗದ ಕೈಗೆ ಸಿಕ್ಕಾಗ ನೀನು ಕಾಲೇಜಿಗೆ ಹೊರಟು ನಿಂತಿದ್ದರೆ ಓದಬೇಡ. ಚೀಲದಲ್ಲಿ ತುರುಕಿಕೊಂಡು ಹೋಗಿ ಬಸ್ಸಿನಲ್ಲಿ ಓದುವುದೂ ಬೇಡ. ಸಂಜೆ ಬಂದು ಕೈಕಾಲು ತೊಳೆದು ಕೂತು ಓದು. ಯಾರಿಗೂ ಏನೂ ಆಗಿಲ್ಲ, ನಾನು ನೆಟ್ಟಗೇ ಇದ್ದೇನೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಈಗಿನ ಕಾಲದಲ್ಲಿ ಅಮ್ಮನ ಕೈಬರಹದ ಲಕೋಟೆ ಬಂತೆಂದರೆ ಎದೆ ಧಸಕ್ಕೆನ್ನುತ್ತದೆ.

ಫೋನಿನಲ್ಲೇ ಹೇಳಬೇಕೆಂದು ಮೂರು ಭಾನುವಾರ ನೋಡಿದೆ. ನೀನು ಊಟ ಆಯ್ತಾ ಎಂದು ಕೇಳುತ್ತೀಯ, ಆಯ್ತು ಅನ್ನುತ್ತೇನೆ. ಮಂಡಿ ನೋವು ಹೇಗಿದೆ ಎನ್ನುತ್ತೀಯ, ಇದೆ ಅನ್ನುತ್ತೇನೆ. ಅಷ್ಟರಲ್ಲಿ ನಿನ್ನ ಮೊದಲ ವರ್ಷದ ಮಕ್ಕಳು ಬರೆದ ಉತ್ತರ ಪತ್ರಿಕೆಯ ತಮಾಷೆ ಶುರುವಾಗುತ್ತದೆ. ನಿನ್ನ ನಗು ಕೇಳಿದ ಮೇಲೆ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಕಾಗದಕ್ಕೆ ಆ ತೊಂದರೆ ಇಲ್ಲ, ಅದು ನಗುವುದಿಲ್ಲ.

ಗೊಬ್ಬರದಕ್ಕ ನಿನಗೆ ನೆನಪಿರಬೇಕು. ನಮ್ಮ ಕಾಲೇಜಿನ ಅಂಗಳ ಗುಡಿಸುತ್ತಿದ್ದವಳು, ನನಗಿಂತ ಏಳೆಂಟು ವರ್ಷ ದೊಡ್ಡವಳು, ನೀನು ಚಿಕ್ಕವಳಿದ್ದಾಗ ನಿನ್ನನ್ನು ತಳ್ಳುಗಾಡಿಯ ಎಲೆಗುಡ್ಡೆಯ ಮೇಲೆ ಕೂರಿಸಿ ಗೇಟಿನವರೆಗೆ ತಳ್ಳಿಕೊಂಡು ಹೋಗುತ್ತಿದ್ದವಳು. ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ನಾಲೆಯ ಪಕ್ಕದ ಪಂಪ್‌ಹೌಸಿನ ಹಿಂದೆ ನಾಲ್ಕು ಗುಂಡಿ ತೋಡಿಕೊಂಡಳು. ನಾಲೆ ರಸ್ತೆಯ ಅರವತ್ತೆರಡು ಅಕೇಶಿಯಾ ಮರಗಳ ಎಲೆ ಗುಡಿಸಿ ತಂದು ಅವುಗಳಲ್ಲಿ ಹಾಕಿ, ಹತ್ತು ತಿಂಗಳು ತಿರುವಿ ತಿರುವಿ, ಚಹಾಪುಡಿಯಂಥ ಗೊಬ್ಬರ ಮಾಡಿ ರಸ್ತೆಯಾಚೆಯ ತೋಟದವರಿಗೆ ಮಾರುತ್ತಿದ್ದಳು. ಹತ್ತು ವರ್ಷ ಅದೇ ಅವಳ ಬದುಕು. ಅವಳ ಗೊಬ್ಬರಕ್ಕೆ ಜನ ಹೆಸರು ಬರೆಸಿ ಕಾಯುತ್ತಿದ್ದರು.

ಒಂದೂವರೆ ವರ್ಷದ ಹಿಂದೆ ಕೃಷಿ ಇಲಾಖೆಯವರು ಒಂದು ಕರಪತ್ರ ಹಂಚಿದರು. ನಿನ್ನ ಪ್ರಬಂಧದಿಂದ ತೆಗೆದದ್ದು. ಅದರಲ್ಲಿ ನಿನ್ನ ಹೆಸರು ಇರಲಿಲ್ಲ, ಕಾಲೇಜಿನ ಹೆಸರು ಇತ್ತು. ಅಕೇಶಿಯಾ ಎಲೆ ಬಿದ್ದಲ್ಲಿ ಐದರಲ್ಲಿ ನಾಲ್ಕು ಗೋಧಿಬೀಜ ಸಾಯುತ್ತವೆ ಎಂದು ದಪ್ಪ ಅಕ್ಷರದಲ್ಲಿತ್ತು. ನಾನು ಅದನ್ನು ನಿನಗೆ ಕಳಿಸಿದ್ದೆ, ನೀನು ಖುಷಿಪಟ್ಟಿದ್ದೆ. ಆಮೇಲೆ ಇಲ್ಲಿ ಏನಾಯಿತು ಎಂದು ನಾನು ನಿನಗೆ ಹೇಳಲಿಲ್ಲ. ತೋಟದವರು ಗೊಬ್ಬರ ಬೇಡವೆಂದರು. ಕೆಲವರು ಮೊದಲೇ ಒಯ್ದಿದ್ದ ಚೀಲಗಳನ್ನು ತಂದು ಅವಳ ಬಾಗಿಲಲ್ಲಿ ಸುರಿದು ಹೋದರು. ಒಬ್ಬ, ಹಿಂದಿನ ವರ್ಷ ಅವನ ಗೋಧಿ ಸರಿಯಾಗಿ ಏಳದ್ದಕ್ಕೆ ಈ ಮುದುಕಿಯೇ ಕಾರಣ ಎಂದು ರೈತರ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದನಂತೆ. ಅವಳು ನಾಲ್ಕೂ ಗುಂಡಿಗೆ ಮಣ್ಣು ಎಳೆದಳು. ಈಗ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ, ಮಣೆಯ ಮೇಲೆ ಕೂತರೆ ಏಳಲು ಇಬ್ಬರು ಬೇಕು.

ಜನವರಿಯಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಮೂರು ಮಹಡಿ ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತಾ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಳು. ನಾಲೆ ರಸ್ತೆಯ ಮರಗಳಿಗೆಲ್ಲ ಕೆಂಪು ಬಣ್ಣದ ಗುರುತು ಹಾಕಿದ್ದಾರೆ, ಮಾರ್ಚಿನಲ್ಲಿ ಕಡಿಯುತ್ತಾರೆ ಎಂದಳು. ನಾನು ಚಹಾ ಕೊಟ್ಟೆ. ಅರ್ಧ ಕುಡಿದು ಲೋಟ ನೆಲಕ್ಕಿಟ್ಟು ಕೇಳಿದಳು:

"ನಿನ್ ಮಗಳು ಓದಿದೋಳು. ಅವಳನ್ನ ಒಂದು ಮಾತು ಕೇಳಿ ಹೇಳ್ತೀಯಾ? ನಾನು ಹತ್ತು ವರ್ಷ ವಿಷ ಮಾರಿದ್ನಾ?"

ಸಿಟ್ಟಿಲ್ಲ, ಅಳುವಿಲ್ಲ. ಇವತ್ತು ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ ಕೇಳಿದಳು. ಕೇಳುತ್ತೇನೆ ಎಂದು ಹೇಳಿ ಕಳಿಸಿದೆ. ನಿನ್ನನ್ನು ಕೇಳಲಿಲ್ಲ. ಕೇಳುವ ಅಗತ್ಯ ನನಗಿರಲಿಲ್ಲ, ಪೀಚು. ಆ ಕರಪತ್ರದ ಅಂಕಿ ಎಲ್ಲಿಂದ ಬಂತೆಂದು ಗೊತ್ತಿದ್ದವಳು ನಾನೇ.

ಈಗ ಹೇಳುತ್ತೇನೆ. ನಡುವೆ ನಿಲ್ಲಿಸಿದರೆ ಮತ್ತೆ ಶುರು ಮಾಡಲು ಆಗುವುದಿಲ್ಲ, ಅದಕ್ಕೇ ಒಂದೇ ಸಮನೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಸುಧಾರಿಸಿಕೋ.

ನಿನ್ನ ಎರಡನೆಯ ಸುತ್ತಿನ ಪ್ರಯೋಗದ ವಿಷಯ. ನಿನಗೆ ನಾನು ಪಾಠ ಹೇಳುತ್ತಿದ್ದೇನೆಂದು ನಗಬೇಡ, ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ಎಂದು ನೋಡು. ಮರದ ಎಲೆಯಲ್ಲಿ ಕೆಲವು ರಾಸಾಯನಿಕಗಳಿವೆ. ಎಲೆ ಉದುರಿ ನೆನೆದಾಗ ಅವು ನೀರಿಗೆ ಇಳಿಯುತ್ತವೆ. ಆ ನೀರು ಕುಡಿದ ಬೀಜಕ್ಕೆ ಮೊಳೆಯಲು ಕಷ್ಟ. ಎಷ್ಟು ಕಷ್ಟ ಎಂದು ತಿಳಿಯಲು ನೀನು ನೆರಳಲ್ಲಿ ಒಣಗಿಸಿದ ಎಲೆಯನ್ನು ಪುಡಿ ಮಾಡಿ, ಒಂದು ದಿನ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ, ಆ ಕಂದು ನೀರನ್ನು ಗಾಜಿನ ತಟ್ಟೆಗಳಲ್ಲಿಟ್ಟ ಗೋಧಿಗೆ ಹಾಕಿದೆ. ಪಕ್ಕದಲ್ಲಿ ಬರೀ ನೀರಿನ ತಟ್ಟೆಗಳು. ಒಂದೊಂದು ತಟ್ಟೆಯಲ್ಲಿ ಇಪ್ಪತ್ತೈದು ಬೀಜ, ನಾಲ್ಕು ತಟ್ಟೆಗೆ ನೂರು. ಎರಡು ಮಿಲಿಮೀಟರ್ ಬೇರು ಕಂಡರೆ ಮೊಳೆತ ಲೆಕ್ಕ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಎಣಿಸಿ, ಬೀಜದ ಕೆಳಗೆ ಹಾಸಿದ ಕಾಗದ ಒಣಗದಂತೆ ಪಿಪೆಟ್ಟಿನಿಂದ ಐದೈದು ಮಿಲಿ ಹನಿಸಬೇಕು. ಆ ತಟ್ಟೆಗಳನ್ನು ಮೂವತ್ತೊಂದು ವರ್ಷ ತೊಳೆದವಳು ನಾನು. ನೀನು ಅದೇ ಪ್ರಯೋಗಾಲಯಕ್ಕೆ ಸಂಶೋಧನೆಗೆ ಸೇರಿದ ದಿನ ನನ್ನ ಜೊತೆಯವರು, ಇನ್ನು ಮಗಳು ಕೊಳೆ ಮಾಡ್ತಾಳೆ ಅಮ್ಮ ತೊಳೀತಾಳೆ, ಮನೇಲಿದ್ದ ಹಾಗೇ ಆಯ್ತು ಅಂದಿದ್ದರು.

ಮೊದಲ ಸುತ್ತಿನಲ್ಲಿ ಎಲೆನೀರಿನ ಗೋಧಿ ನೂರಕ್ಕೆ ಎಪ್ಪತ್ತೊಂದು ಮೊಳೆತಿತ್ತು. ಬರೀ ನೀರಿನದು ತೊಂಬತ್ತನಾಲ್ಕು. ನಿನ್ನ ಗೈಡು ಮೇಷ್ಟ್ರಿಗೆ ಅದು ಸಪ್ಪೆಯಾಗಿ ಕಂಡಿತು. ಎಲೆಪುಡಿ ಹಳೆಯದಾಗಿತ್ತೋ ಏನೋ, ಹೊಸದಾಗಿ ಮಾಡು ಎಂದರು. ನೀನು ಆಗ ನಾಲ್ಕು ತಿಂಗಳ ಬಸುರಿ. ಹೊಸ ಎಲೆ ಆರಿಸಲು ನಾನೇ ಬಂದೆ, ನೆನಪಿದೆಯೇ? ನೀನು ಮರದ ಬುಡದಲ್ಲಿ ಕಾಲು ಚಾಚಿ ಕೂತು, ಅದಲ್ಲಮ್ಮ, ಈಚೆಯದು, ಹುಳ ತಿಂದದ್ದು ಬೇಡ ಎಂದು ಯಜಮಾನಿಕೆ ಮಾಡುತ್ತಿದ್ದೆ.

ತಟ್ಟೆ ಜೋಡಿಸಿದ ಮೂರನೆಯ ದಿನ ನಿನಗೆ ಹೊಟ್ಟೆನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದು. ಅಲ್ಲಿ ಏನಾಯಿತು ಎಂಬುದನ್ನು ಬರೆಯುವುದಿಲ್ಲ. ನಮ್ಮಿಬ್ಬರಿಗೂ ಗೊತ್ತು.

ಅಳಿಯ ಕೆಲಸದ ಮೇಲೆ ದೂರ ಹೋಗಿದ್ದರು, ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ನಿನ್ನ ಜೊತೆ ನಾನೊಬ್ಬಳೇ. ನೀನು ಗೋಡೆ ಕಡೆ ತಿರುಗಿ ಮಲಗಿದವಳು ನೀರು ಬೇಡ, ಬ್ರೆಡ್ಡು ಬೇಡ, ತಲೆ ಬಾಚುವುದು ಬೇಡ. ನರ್ಸಮ್ಮ ಗದರಿದರೂ ಇಲ್ಲ, ನಾನು ಬೇಡಿಕೊಂಡರೂ ಇಲ್ಲ. ತಟ್ಟೆ ಜೋಡಿಸಿದ ನಾಲ್ಕನೆಯ ದಿನ ಬೆಳಿಗ್ಗೆ ಎಣಿಸಿಕೊಂಡು ಬರುತ್ತೇನೆಂದು ನಿನಗೆ ಹೇಳಿ ಹೊರಟೆ. ಕೆಳಗಿನ ಮೆಟ್ಟಿಲಿನವರೆಗೆ ಹೋದೆ. ಅಲ್ಲಿಂದ ಮುಂದೆ ಹೋಗಲಿಲ್ಲ. ನಿನ್ನ ವಾರ್ಡಿನ ಆ ಕೊನೆಯ ಕಿಟಕಿಗೆ ಸರಳು ಇರಲಿಲ್ಲ, ಪೀಚು. ನಾನು ಏನು ಯೋಚಿಸಿದೆ ಎಂದು ನಿನಗೆ ತಿಳಿಯುತ್ತದೆ. ತಪ್ಪು ಯೋಚನೆಯೇ ಇರಬಹುದು. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ವಾಪಸ್ ಬಂದೆ.

ನೀನು ಗೋಡೆ ಕಡೆಯಿಂದ ತಿರುಗದೆಯೇ ಕೇಳಿದೆ, "ಇವತ್ತು ಎಷ್ಟಮ್ಮ?"

ಹಿಂದಿನ ದಿನದಿಂದ, ಬೇಡ ಎಂಬುದನ್ನು ಬಿಟ್ಟರೆ, ನೀನು ಆಡಿದ ಮೊದಲ ಮಾತು ಅದು. ಹೋಗಲಿಲ್ಲ ಎನ್ನಲು ನನ್ನಿಂದಾಗಲಿಲ್ಲ. ಬರೀ ನೀರಿನದು ಎಂಬತ್ತು, ಎಲೆನೀರಿನದು ಹನ್ನೊಂದು ಎಂದೆ. ಯಾಕೆ ಹನ್ನೊಂದು ಎಂದರೆ, ನಿನಗೆ ಕಡಿಮೆ ಬೇಕಿತ್ತು ಎಂದು ನನಗೆ ಗೊತ್ತಿತ್ತು. ನೀನು ತಿರುಗಿ ನನ್ನ ಮುಖ ನೋಡಿದೆ. ಹನ್ನೊಂದೇ ಎಂದು ಎರಡು ಸಲ ಕೇಳಿದೆ. ಆಮೇಲೆ ದಿಂಬು ಎತ್ತರಿಸಲು ಹೇಳಿ ಎದ್ದು ಕೂತೆ. ಚಹಾದಲ್ಲಿ ಅದ್ದಿ ಎರಡು ತುಂಡು ಬ್ರೆಡ್ಡು ತಿಂದೆ. ಆ ಎರಡು ತುಂಡಿಗಾಗಿ ನಾನು ಇನ್ನೂ ಏನು ಬೇಕಾದರೂ ಹೇಳುತ್ತಿದ್ದೆ.

ಐದನೆಯ ದಿನವೂ ಹೋಗಲಿಲ್ಲ. ಹದಿನಾಲ್ಕು ಎಂದೆ. ಆ ದಿನ ನೀನು ತಲೆ ಬಾಚಿಸಿಕೊಂಡೆ.

ಆರನೆಯ ದಿನ ಅಳಿಯ ಬಂದರು. ಅವರನ್ನು ನಿನ್ನ ಪಕ್ಕ ಕೂರಿಸಿ ನಾನು ಪ್ರಯೋಗಾಲಯಕ್ಕೆ ಓಡಿದೆ. ಇಲ್ಲಿ ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ನೀನು ತಟ್ಟೆಗಳನ್ನು ಬೇಕೆಂದೇ ಕಲಸಿ ಇಟ್ಟಿದ್ದೆ, ಎಲೆನೀರಿನದೊಂದು, ಬರೀ ನೀರಿನದೊಂದು, ಬಿಸಿಲು ಗಾಳಿ ಎಲ್ಲಕ್ಕೂ ಸಮನಾಗಿ ತಗಲಲಿ ಎಂದು. ನಾನು ಮೂರನೆಯ ದಿನ ನಿನ್ನನ್ನು ಆಸ್ಪತ್ರೆಗೆ ಸೇರಿಸಿ ಓಡಿಬಂದು ಎಣಿಸುವಾಗ, ಗಡಿಬಿಡಿಯಲ್ಲಿ ತಪ್ಪಾಗದಿರಲಿ ಎಂದು, ಅವನ್ನು ಬೇರೆ ಬೇರೆ ಮಾಡಿ ಜೋಡಿಸಿದ್ದೆ. ಎಲೆನೀರಿನವು ಮೇಲಿನ ಹಲಗೆಗೆ, ಕಿಟಕಿ ಪಕ್ಕ. ಬರೀ ನೀರಿನವು ಕೆಳಗೆ, ಸಿಂಕಿನ ತಂಪಿನಲ್ಲಿ. ತೊಳೆಯುವವರ ಬುದ್ಧಿ, ಒಂದೇ ಜಾತಿಯದನ್ನು ಒಂದು ಕಡೆ ಇಡುವುದು.

ಎರಡು ದಿನ ನೀರು ಕಾಣದೆ ಮೇಲಿನ ತಟ್ಟೆಗಳು ಒಣಗಿದ್ದವು. ಕಾಗದ ಹೊಪ್ಪಳೆಯಂತೆ ಸುರುಟಿ ಎದ್ದಿತ್ತು. ಕೆಳಗಿನವು ಹಸಿರಾಗಿ ನಿಂತಿದ್ದವು. ಮೇಲಿನವುಗಳಲ್ಲಿ ಹದಿನಾರು ಬೀಜ ಜೀವವಿದ್ದು ಮೊಳೆತಿದ್ದವು. ನಲವತ್ತಮೂರು ಬೀಜಕ್ಕೆ ಬೇರು ಬಂದು, ಆ ಬೇರು ಕಂದು ದಾರದಂತೆ ಒಣಗಿ ಹೋಗಿತ್ತು. ಅವನ್ನೂ ಮೊಳೆತದ್ದೆಂದೇ ಎಣಿಸಬೇಕಿತ್ತು. ನನಗೆ ಗೊತ್ತಿತ್ತು, ನಿನ್ನನ್ನು ಕೇಳುವ ಅಗತ್ಯವಿರಲಿಲ್ಲ. ಆದರೆ ಎಣಿಸಿದರೆ ಐವತ್ತೊಂಬತ್ತು ಆಗುತ್ತದೆ. ನಿನ್ನೆ ಹದಿನಾಲ್ಕು ಎಂದಿದ್ದೇನೆ. ಒಂದೇ ದಿನಕ್ಕೆ ಹದಿನಾಲ್ಕು ಐವತ್ತೊಂಬತ್ತಾಗುವುದು ಹೇಗೆ? ಎಣಿಕೆ ಪುಸ್ತಕದಲ್ಲಿ ಹನ್ನೊಂದು, ಹದಿನಾಲ್ಕು, ಹದಿನಾರು ಎಂದು ನನ್ನ ಕೈಯಾರೆ ಬರೆದೆ. ಎಲ್ಲ ತಟ್ಟೆಗೂ ನೀರು ಹನಿಸಿ, ಸುರುಟಿದ ಕಾಗದವನ್ನು ಚಿಮಟದಿಂದ ಒತ್ತಿ ಕೂರಿಸಿ ಬಂದೆ. ಏಳನೆಯ ದಿನ ಹತ್ತೊಂಬತ್ತು. ಆ ಹತ್ತೊಂಬತ್ತೇ ನಿನ್ನ ಪ್ರಬಂಧಕ್ಕೆ ಹೋಯಿತು, ಅಲ್ಲಿಂದ ಕರಪತ್ರಕ್ಕೆ ಹೋಯಿತು, ಅಲ್ಲಿಂದ ಮರಗಳ ಮೇಲೆ ಕೆಂಪು ಬಣ್ಣವಾಗಿ ಕೂತಿದೆ.

ನಿನಗೆ ಪದವಿ ಕೊಟ್ಟ ದಿನ ನಾನು ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ನಂತರ ಮನೆಗೆ ಬಂದು ಮಲಗಿದವಳು ಎರಡು ದಿನ ಏಳಲಿಲ್ಲ. ಬಿಸಿಲಿಗೆ ತಲೆಸುತ್ತು ಎಂದು ನಿನಗೆ ಹೇಳಿದ್ದೆ.

ನಾನು ಕೆಟ್ಟವಳೆಂದು ಬರೆಯುತ್ತಿಲ್ಲ. ಅತ್ತು ಕರೆದು ಕ್ಷಮೆ ಕೇಳುವಷ್ಟು ಕಸುವೂ ಈಗ ನನ್ನಲ್ಲಿಲ್ಲ. ಮೂರು ವರ್ಷ ಇದನ್ನು ಒಳಗೆ ಇಟ್ಟುಕೊಂಡು ಓಡಾಡಿದ್ದು ಸಾಕಾಗಿದೆ, ಅಷ್ಟೇ. ಇಷ್ಟು ದಿನ ಒಂದು ಸಮಾಧಾನವಿತ್ತು, ಎಲ್ಲೋ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ ಯಾರಿಗೇನು ನಷ್ಟ ಎಂದು. ಗೊಬ್ಬರದಕ್ಕ ಸ್ಟೂಲಿನ ಮೇಲೆ ಕೂತು ಕೇಳಿದ ದಿನದಿಂದ ಆ ಸಮಾಧಾನವೂ ಹೋಯಿತು.

ಅವಳಿಗೆ ಉತ್ತರ ಹೇಳಬೇಕಾದರೆ ಮೊದಲು ನನಗೆ ಗೊತ್ತಾಗಬೇಕಲ್ಲ. ಒಣಗದೆ ಇದ್ದಿದ್ದರೆ ಆ ಬೀಜಗಳು ಏನಾಗುತ್ತಿದ್ದವು? ಜನವರಿ ಕೊನೆಯ ವಾರ ನಾನೇ ಮಾಡಿ ನೋಡಿದೆ. ಗಾಜಿನ ತಟ್ಟೆ ಎಲ್ಲಿಂದ ತರಲಿ, ಚಹಾದ ಬಸಿಗಳನ್ನೇ ಹಿಡಿದೆ. ಮನೆಯಲ್ಲಿದ್ದದ್ದು ಏಳು, ಐದನ್ನು ಕೆಳಗಿನ ಮನೆಯ ಹೊಲಿಗೆಯವಳ ಹತ್ತಿರ ಕೇಳಿ ತಂದೆ. ನೆಂಟರು ಬರ್ತಾರಾ ಎಂದಳು. ಹೂಂ, ನೂರಾರು ಜನ, ಬಸಿಗೆ ಇಪ್ಪತ್ತೈದು ಎಂದೆ. ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಪಿಪೆಟ್ಟಿನ ಬದಲು ಮಗುವಿಗೆ ಔಷಧಿ ಹನಿಸುವ ಡ್ರಾಪರು ತಂದೆ. ಹೊಸ ಎಲೆಯನ್ನು ಗೊಬ್ಬರದಕ್ಕನೇ ಆರಿಸಿ ಕೊಟ್ಟಳು, ಯಾಕೆಂದು ಕೇಳಲಿಲ್ಲ. ಅವಳ ಮುಚ್ಚಿದ ಗುಂಡಿಯಿಂದ ಒಂದು ಡಬ್ಬಿ ಹಳೆಯ ಗೊಬ್ಬರವನ್ನೂ ತೆಗೆಸಿಕೊಂಡೆ. ನಾಲ್ಕು ಬಸಿ ಬರೀ ನೀರು, ನಾಲ್ಕು ಎಲೆನೀರು, ನಾಲ್ಕು ಗೊಬ್ಬರ ನೆನೆಸಿದ ನೀರು. ಈ ಸಲ ನೀನು ಮಾಡುತ್ತಿದ್ದ ಹಾಗೆ ಚೀಟಿ ಎತ್ತಿ ಕಲಸಿ ಇಟ್ಟೆ. ಅಡುಗೆಕಟ್ಟೆ ತುಂಬ ಬಸಿ. ಒಂದು ತಿಂಗಳಿಗೂ ಹೆಚ್ಚು ನಾನು ಮಂಚದ ಮೇಲೆ ತರಕಾರಿ ಹೆಚ್ಚಿದೆ.

ಎಣಿಸುವಾಗ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿಯಬೇಕಾಯಿತು. ಎರಡು ಸಲ ಪೂರ್ತಿ ಮಾಡಿದೆ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬರೀ ನೀರಿನಲ್ಲಿ ತೊಂಬತ್ತೆರಡು. ಎಲೆನೀರಿನಲ್ಲಿ ಏಳನೆಯ ದಿನಕ್ಕೆ ಎಪ್ಪತ್ತು. ಅಲ್ಲಿಗೆ ನಿಲ್ಲಿಸದೆ ಬಿಟ್ಟು ನೋಡಿದೆ. ಹನ್ನೊಂದನೆಯ ದಿನಕ್ಕೆ ಎಂಬತ್ತೊಂದು ಆಯಿತು. ಅವು ಸತ್ತಿರಲಿಲ್ಲ, ಪೀಚು. ತಡ ಮಾಡುತ್ತಿದ್ದವು. ಬೇರು ಮಾತ್ರ ಗಿಡ್ಡ, ತುದಿ ಕಂದು, ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಂತವರಂತೆ ಮುದುಡಿಕೊಂಡಿದ್ದವು. ಗೊಬ್ಬರದ ನೀರಿನಲ್ಲಿ ತೊಂಬತ್ತೈದು. ಅದರ ಬೇರುಗಳು ಬಸಿಯಂಚಿನಿಂದ ಹೊರಗೆ ಇಣುಕಿದವು. ಹತ್ತು ತಿಂಗಳು ಗುಂಡಿಯಲ್ಲಿ ಕೊಳೆತ ಮೇಲೆ ಆ ಎಲೆಯಲ್ಲಿ ಕೆಡುಕು ಉಳಿದಿರಲಿಲ್ಲ.

ನಿನ್ನದು ಪೂರ್ತಿ ತಪ್ಪು ಎಂದೂ ಹೇಳಬೇಡ, ಯಾರಿಗೂ ಹೇಳಲು ಬಿಡಬೇಡ. ಸಾಸಿವೆಯನ್ನೂ ಒಂದು ಸಲ ಇಟ್ಟು ನೋಡಿದೆ. ಬರೀ ನೀರಿನಲ್ಲಿ ಎಂಬತ್ತೆಂಟು, ಹೊಸ ಎಲೆಯ ನೀರಿನಲ್ಲಿ ಮೂವತ್ತನಾಲ್ಕು, ಗೊಬ್ಬರದ ನೀರಿನಲ್ಲಿ ಎಂಬತ್ತೈದು. ಹನ್ನೊಂದನೆಯ ದಿನವೂ ಆ ಮೂವತ್ತನಾಲ್ಕು ಹೆಚ್ಚಾಗಲಿಲ್ಲ. ಸಾಸಿವೆಯ ವಿಷಯದಲ್ಲಿ ನೀನು ಬರೆದದ್ದು ಸರಿ. ಮರಗಳ ಬುಡದಲ್ಲಿ ಸಾಸಿವೆ ಹಾಕಿದವನಿಗೆ ನಷ್ಟವೇ. ಎಲೆಯಲ್ಲಿ ಏನೋ ಇದೆ. ಎಲ್ಲ ಬೀಜಕ್ಕೂ ಒಂದೇ ಥರ ಅಲ್ಲ, ಎಲ್ಲ ಕಾಲಕ್ಕೂ ಅಲ್ಲ. ನಿನ್ನ ಮೊದಲ ಸುತ್ತಿನ ಎಪ್ಪತ್ತೊಂದೇ ನಿಜವಾದ ಅಂಕಿಯಾಗಿತ್ತು. ಸಪ್ಪೆಯಾಗಿದ್ದರೂ ಅದೇ ಸರಿ.

ನಿನ್ನೆ ಹಾಸ್ಟೆಲಿಗೆ ಹೋಗಿ ಗೊಬ್ಬರದಕ್ಕನಿಗೆ ಹೇಳಿದೆ. ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದಳು. ನಾನೂ ಒಂದೊಂದೇ ಎತ್ತಿ ಕೊಡುತ್ತಾ ಹೇಳಿದೆ. ನಿನ್ನ ಗೊಬ್ಬರದಲ್ಲಿ ವಿಷ ಇರಲಿಲ್ಲ ಎಂದೆ. ಆ ಹತ್ತೊಂಬತ್ತು ಎಲ್ಲಿಂದ ಬಂತು ಎಂದು ಮೊದಲಿಂದ ಕೊನೆಯವರೆಗೆ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ. ಎಲ್ಲ ಪಾತ್ರೆ ಮುಗಿದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಆವಾಗ ಆ ಹುಡುಗಿ ಹೇಗಿದ್ಲು?" ಎಂದು ಕೇಳಿದಳು.

ಎರಡು ತುಂಡು ಬ್ರೆಡ್ಡು ತಿಂದಳು ಎಂದೆ.

ಅವಳು ತಲೆಯಾಡಿಸಿದಳು. ನಾಲೆ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತು, "ಆದ್ರೂ ನಂದು ಒಂದೂವರೆ ವರ್ಷ ಹೋಯ್ತು ಕಣೇ," ಎಂದಳು. ಅವಳನ್ನು ಏಳಿಸಲು ಕೈ ಕೊಟ್ಟೆ. ನನ್ನ ಕೈ ಹಿಡಿದೇ ಎದ್ದಳು, ಆದರೆ ಎದ್ದ ಕೂಡಲೇ ಬಿಟ್ಟಳು. ಮರಗಳ ವಿಷಯ ಮಾತ್ರ ಬೇಗ ಏನಾದರೂ ಮಾಡು, ಬರುವ ಮಂಗಳವಾರ ಗರಗಸ ಬರುತ್ತದೆ ಎಂದು ಬಾಗಿಲಲ್ಲಿ ನಿಂತು ಹೇಳಿದಳು.

ಇವತ್ತು ಬೆಳಿಗ್ಗೆ ನಿನ್ನ ಗೈಡು ಮೇಷ್ಟ್ರ ಕೋಣೆಗೆ ಹೋದೆ. ನಿನ್ನನ್ನು ಕೇಳದೆ ಹೋದದ್ದು ತಪ್ಪು. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆಯೋ ಹೋಗು ಎನ್ನುತ್ತಿದ್ದೆಯೋ ನನಗೆ ಗೊತ್ತಿಲ್ಲ. ಬೇಡ ಎಂದು ಹೇಳಿದವಳಾಗಿ ನೀನು ಉಳಿಯುವುದು ನನಗೆ ಬೇಕಿರಲಿಲ್ಲ, ಹೋಗು ಎಂದು ಹೇಳಿ ಕೆಲಸ ಕಳೆದುಕೊಂಡವಳಾಗಿ ಉಳಿಯುವುದೂ ಬೇಕಿರಲಿಲ್ಲ. ಆದ್ದರಿಂದ ನೀನು ಇಲ್ಲಿ ಬಿಟ್ಟುಹೋದ ಎಣಿಕೆ ಪುಸ್ತಕವನ್ನು ಟ್ರಂಕಿನಿಂದ ತೆಗೆದೆ, ನನ್ನ ಬಸಿಗಳ ಲೆಕ್ಕ ಬರೆದ ನೋಟುಪುಸ್ತಕವನ್ನೂ ತೆಗೆದುಕೊಂಡೆ, ಹೋದೆ.

ಅವರು ನನ್ನನ್ನು ನೋಡಿ ಪಿಂಚಣಿಯ ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಬಂದಿದ್ದೇನೆ ಅಂದುಕೊಂಡರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವರ ಮುಂದಿನ ಕುರ್ಚಿಯಲ್ಲಿ ಕೂತೆ. ಹೇಳಿ ಮುಗಿಸುವವರೆಗೆ ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದರು. ಪುಟಗಳನ್ನು ತಿರುವಿ ನೋಡಿದರು. ನನ್ನ ಬಸಿಯ ಲೆಕ್ಕವನ್ನು ಬಹಳ ಹೊತ್ತು ಓದಿದರು, ಹನ್ನೊಂದನೆಯ ದಿನದವರೆಗೆ ಯಾಕೆ ಬಿಟ್ಟಿರಿ ಎಂದು ಕೇಳಿದರು. ತಡವಾಗಿ ಬರುವವು ಬರಲಿ ಎಂದು ಬಿಟ್ಟೆ ಎಂದೆ. ನಾವು ಏಳಕ್ಕೇ ನಿಲ್ಲಿಸಿದೆವು ಎಂದು ತಮಗೆ ತಾವೇ ಹೇಳಿಕೊಂಡರು. ಎಪ್ಪತ್ತೊಂದು ಬಂದಾಗ ನಾನೂ ಸುಮ್ಮನಿರಬೇಕಿತ್ತು, ಅವಳನ್ನು ಇನ್ನೊಂದು ಸುತ್ತಿಗೆ ಓಡಿಸಿದವನು ನಾನು ಎಂದರು. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯ.

ಆಮೇಲೆ ಪೆನ್ನು ಕೆಳಗಿಟ್ಟು, ನೇರವಾಗಿ ಕೇಳಿದರು, "ನಿಮ್ಮ ಮಗಳಿಗೆ ಇದು ಗೊತ್ತಿತ್ತಾ?"

"ಇಲ್ಲ," ಎಂದೆ. "ಎಣಿಸಿದೋಳು ನಾನು. ಬರೆದೋಳೂ ನಾನೇ."

ಮರ ಕಡಿಯುವುದನ್ನು ತಡೆಹಿಡಿಯಲು ಅವರು ನನ್ನೆದುರಿಗೇ ಇಲಾಖೆಗೆ ಫೋನು ಮಾಡಿದರು. ಗೋಧಿಯ ಪ್ರಯೋಗವನ್ನು ಮತ್ತೆ ಮಾಡಿಸುತ್ತಾರೆ, ಗೊಬ್ಬರವನ್ನೂ ಸೇರಿಸಿ. ಅಲ್ಲಿಯವರೆಗೆ ಗರಗಸ ಬರುವುದಿಲ್ಲ. ಕರಪತ್ರ ತಪ್ಪಿತ್ತೆಂದು ಸಂಘಕ್ಕೆ ಬರೆದು ತಿಳಿಸುತ್ತಾರಂತೆ, ಗೊಬ್ಬರದಕ್ಕನ ವಿಷಯವನ್ನೂ ಅದರಲ್ಲಿ ಸೇರಿಸಬೇಕೆಂದು ಕೇಳಿದ್ದೇನೆ. ನಿನ್ನ ಪ್ರಬಂಧಕ್ಕೆ ತಿದ್ದುಪಡಿ ಹಾಕಲೇಬೇಕು. ನಿನ್ನ ಪದವಿಯ ವಿಷಯ ಸಮಿತಿ ನೋಡುತ್ತದೆ, ಸಾಸಿವೆಯ ಭಾಗ ಮತ್ತು ಮೊದಲ ಸುತ್ತು ಗಟ್ಟಿಯಾಗಿರುವುದರಿಂದ ಉಳಿಯಬಹುದು, ಆದರೆ ಮಾತು ಕೊಡಲಾರೆ ಎಂದರು. ನಿನಗೆ ಅವರೇ ಪತ್ರ ಬರೆಯುತ್ತಾರೆ. ಅದಕ್ಕಿಂತ ಮೊದಲು ನನ್ನದು ತಲುಪಲಿ ಎಂದು ಅಲ್ಲಿಂದ ಬಂದವಳೇ ಚಪ್ಪಲಿ ಬಿಚ್ಚಿ ಬರೆಯಲು ಕೂತೆ. ಇನ್ನೂ ಊಟ ಮಾಡಿಲ್ಲ. ಬೈಯಬೇಡ, ಇದನ್ನು ಅಂಚೆಗೆ ಹಾಕಿ ಬಂದು ಮಾಡುತ್ತೇನೆ.

ನಿನಗೆ ಸಿಟ್ಟು ಬರುತ್ತದೆ, ಬರಲಿ. ಮಾತು ಬಿಟ್ಟರೆ ಬಿಡು, ಕಾಯುತ್ತೇನೆ. ಆ ಮೂರು ದಿನಗಳಲ್ಲಿ ಮತ್ತೆ ನಿಂತರೆ ನಾನು ಹನ್ನೊಂದು ಎಂದು ಹೇಳುವುದಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ. ಹೇಳುತ್ತೇನೆ ಅನ್ನಿಸುತ್ತದೆ. ಬ್ರೆಡ್ಡು ತಿಂದ ಮೇಲೆ, ಇಲ್ಲ ಕಣೇ, ನಾನು ಹೋಗಿರಲೇ ಇಲ್ಲ ಎಂದೂ ಹೇಳುತ್ತೇನೆ. ಆ ಎರಡನೆಯ ಮಾತು ಆಗ ಹೊರಡಲಿಲ್ಲ. ಅದಕ್ಕೆ ಇಷ್ಟು ಉದ್ದದ ಕಾಗದ.

ಅಳಿಯನಿಗೆ ನೀನೇ ಹೇಳು, ನನ್ನಿಂದಾಗದು. ಊಟ ಬಿಡಬೇಡ.

ಇಷ್ಟು ಹೇಳಿಯೂ ನಿನ್ನವಳೇ ಆಗಿರುವ
ಅಮ್ಮ

ಮರೆತೆ ಎಂದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಮೇಷ್ಟ್ರು ಎಣಿಕೆ ಪುಸ್ತಕ ತಿರುವುತ್ತಿದ್ದಾಗ ಆರನೆಯ ದಿನದ ಪುಟ ಬಂತು. ಕಿಟಕಿಯ ಬೆಳಕು ಓರೆಯಾಗಿ ಅದರ ಮೇಲೆ ಬಿದ್ದಿತ್ತು. ನಾನು ಬರೆದ ಹದಿನಾರರ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದು, ರಬ್ಬರಿನಿಂದ ಅಳಿಸಿದ ಒಂದೇ ಒಂದು ಪದ ಕಂಡಿತು. ಅಳಿಸಿದರೂ ಒತ್ತಿದ ಗುರುತು ಉಳಿದಿದೆ. "ಒಣಗಿತ್ತೇ?" ಎಂದು. ಅಕ್ಷರ ನಿನ್ನದು. ಆಸ್ಪತ್ರೆಯಿಂದ ಬಂದ ಮೇಲೆ ನೀನು ಆ ತಟ್ಟೆಗಳನ್ನು ನೋಡಿದ್ದೆ ಅಲ್ಲವೇ? ನೀನು ನನ್ನನ್ನು ಕೇಳಲಿಲ್ಲ. ಮೇಷ್ಟ್ರು ಅದನ್ನು ನೋಡಲಿಲ್ಲ, ನನ್ನ ಹೆಬ್ಬೆರಳು ಅದರ ಮೇಲಿತ್ತು. ನಿಮ್ಮ ಮಗಳಿಗೆ ಗೊತ್ತಿತ್ತಾ ಎಂದು ಅವರು ಕೇಳಿದ್ದು ಅದಾದ ಮೇಲೆ. ಪುಸ್ತಕವನ್ನು ಸೋಮವಾರ ತಂದುಕೊಡುತ್ತೇನೆಂದು ಹೇಳಿ ವಾಪಸ್ ತಂದಿದ್ದೇನೆ. ಆ ಪುಟವನ್ನು ನಾನು ಮತ್ತೆ ಮುಟ್ಟುವುದಿಲ್ಲ. ಭಾನುವಾರ ನೀನು ಬಂದರೆ ಪುಸ್ತಕವನ್ನು ನಿನ್ನ ಕೈಗೇ ಕೊಡುತ್ತೇನೆ, ಮೇಷ್ಟ್ರ ಹತ್ತಿರ ಇಬ್ಬರೂ ಹೋಗೋಣ. ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ, ಆಗಲೂ ಎಣಿಸಿದವಳು ನಾನೇ.